ಪರದೆಯ ಹಿಂದಿನ ಐದೆಲೆ

ಭಾಲ್ಕಿಗೆ ಕೊಟ್ಟ ನನ್ನ ಮಗಳು ಮೊನ್ನೆ ಬೀದರಿಗೆ ಬಂದವಳು, ಮನೆ ಗುಡಿಸುವ ಹುರುಪಿನಲ್ಲಿ ನನ್ನ ಮಂಚವನ್ನೇ ಗೋಡೆಯಿಂದ ಈಚೆಗೆ ಎಳೆದುಬಿಟ್ಟಳು. ಮಂಚ ಒಂದು ಮಗ್ಗುಲಿಗೆ ವಾಲಿತು. ಅದರ ಗಿಡ್ಡ ಕಾಲಿನ ಕೆಳಗೆ ಎಷ್ಟೋ ವರ್ಷದಿಂದ ಒತ್ತು ಕೊಟ್ಟಿದ್ದ ಕರಿಯ ಬಿಲ್ಲೆಯೊಂದು ಉರುಳಿ ಬಂದು ನನ್ನ ಪಾದದ ಹತ್ತಿರ ಬಿತ್ತು. ನಾನು ಚಟ್ಟನೆ ಬಗ್ಗಿ ಎತ್ತಿ ಮುಷ್ಟಿಯಲ್ಲಿ ಇಟ್ಟುಕೊಂಡೆ. ನನ್ನ ವಯಸ್ಸಿನವರು ಚಟ್ಟನೆ ಬಗ್ಗಿದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಬೇಕು.

"ಅದೇನವ್ವಾ, ಕೈಯಾಗ ಏನದ?" ಎಂದಳು ಮಗಳು.

ಪುಣ್ಯಕ್ಕೆ ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಅವಳು ಒಳಗೆ ಓಡಿದಳು. ಹಾಲು ಇಳಿಸಿ, ಒಲೆ ಒರೆಸಿ, ನನ್ನ ಮರೆವಿಗೆ ನಾಲ್ಕು ಮಾತು ಬೈದು ಅವಳು ಈಚೆ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ನಿಮಗೆ ಹೇಳಿಬಿಡುತ್ತೇನೆ. ನಿಮ್ಮ ಮುಂದೆ ಹೇಳಿ ನಾಲಗೆ ಪಳಗಿದರೆ ಅವಳ ಮುಂದೆ ಹೇಳುವುದು ಸುಲಭವಾದೀತು.

ಬಿಲ್ಲೆ ಬಿದರಿ ಕೆಲಸದ್ದು. ಕಾಡಿಗೆಯಂಥ ಕಪ್ಪಿನ ಮೇಲೆ ಬೆಳ್ಳಿಯ ಎಂಟು ಎಸಳಿನ ಹೂವು. ನಮ್ಮೂರಿನ ಹಳೆಯ ಮನೆಗಳಲ್ಲಿ ಬಿದರಿಯ ಹುಕ್ಕಾ ಇದೆ, ಪಾನದಾನ ಇದೆ, ಹೂದಾನಿ ಇದೆ. ಇದು ಅದಾವುದರ ಮುಚ್ಚಳವೂ ಅಲ್ಲ. ಇದು ಗಾಳಿಗೆ ಇಸ್ಪೀಟು ಎಲೆ ಹಾರದಂತೆ ಮೇಲೆ ಇಡುವ ಭಾರ. ಶರಣರ ಮನೆಯಲ್ಲಿ ಇಸ್ಪೀಟಿನ ಭಾರ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಕೇಳಲೇಬೇಕು.

ಆಗ ನಿಜಾಮರ ಕಾಲ. ನಮ್ಮವರು ಔರಾದದ ತಹಸೀಲು ಕಚೇರಿಯಲ್ಲಿ ಮುನಶಿ. ಉರ್ದು ಬರೆದರೆ ಮುತ್ತು ಪೋಣಿಸಿದ ಹಾಗೆ. ಮುಖ ಮಾತ್ರ ಆಗತಾನೆ ಸುಣ್ಣ ಬಳಿದ ಗೋಡೆ. ಸಂತೋಷವೋ ಸಿಟ್ಟೋ ಹಸಿವೋ, ಅದರ ಮೇಲೆ ಏನೂ ಬರೆದಿರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಅಡುಗೆ ಹಿಡಿಸಿತೋ ಇಲ್ಲವೋ ತಿಳಿಯದೆ ನಾನು ಮೂರು ತಿಂಗಳು ಒದ್ದಾಡಿದ್ದೇನೆ. ಇನ್ನೊಂದು, ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದರೆ ಈಜು ಬರುವುದಿಲ್ಲ ಎನ್ನುತ್ತೇವಲ್ಲ, ಹಾಗೆ.

ಅವರ ತಾಯಿ, ನಮ್ಮತ್ತೆ, ಭಾಲ್ಕಿಯಲ್ಲಿ ಇದ್ದರು. ಮಾವನವರು ಒಂದು ದೀಪಾವಳಿಗೆ ಮೂರೆಲೆ ಆಟಕ್ಕೆ ಕೂತು, ಹಟ್ಟಿಯಲ್ಲಿದ್ದ ದೇವಣಿ ಎತ್ತಿನ ಜೋಡಿಯನ್ನು ಸೋತು ಎದ್ದಿದ್ದರಂತೆ. ಎತ್ತು ಹೊಡೆದುಕೊಂಡು ಹೋದ ದಿನವೇ ಅತ್ತೆ ಮಗನ ಅಂಗೈಯಲ್ಲಿ ಇಷ್ಟಲಿಂಗ ಇಡಿಸಿ, "ಎಲಿ ಮುಟ್ಟಂಗಿಲ್ಲ ಅಂತ ಹೇಳು" ಎಂದು ಆಣೆ ತೆಗೆದುಕೊಂಡಿದ್ದರು. "ಮುಟ್ಟಂಗಿಲ್ಲ" ಎಂದರು ಮಗ. ಮುಗಿಯಿತು. ಮದುವೆಯ ಮನೆಗಳಲ್ಲಿ ಗಂಡಸರು ಎಲೆ ಹಾಕಿ ಕೂತರೆ ಇವರು ಎದ್ದು ಎತ್ತಿಗೆ ನೀರು ಕುಡಿಸಲು ಹೋಗುತ್ತಿದ್ದರು.

ಹೀಗಿರುವಾಗ ಔರಾದಕ್ಕೆ ಹೊಸ ತಹಸೀಲ್ದಾರ ಸಾಹೇಬರು ಬಂದರು. ಗುಲಬರ್ಗಾ ಕಡೆ ಬೆಳೆದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಸಿಕಂದರಾಬಾದದ ಗೋರಾಗಳ ದಂಡಿನಲ್ಲಿ ಯಾರಿಂದಲೋ ಪೋಕರ್ ಎಂಬ ಆಟ ಕಲಿತು, ಅದರ ಹುಚ್ಚು ಹಿಡಿಸಿಕೊಂಡು ಬಂದಿದ್ದರು. ಅಮೆರಿಕಾ ಎಂಬ ಮುಲ್ಕಿನಲ್ಲಿ ಒಂದು ಮಹಾ ಹೊಳೆಯಿದೆ, ಅದರ ಮೇಲೆ ಹೊಗೆ ಬಿಡುವ ಹಡಗು ಓಡಾಡುತ್ತವೆ, ಆ ಹಡಗುಗಳಲ್ಲಿ ಹಗಲು ಕಳೆಯದೆ ಜನ ಕಟ್ಟಿದ ಆಟ ಇದು ಎಂದು ಮೊದಲ ದಿನ ಹೇಳಿದರು. ಎರಡನೆಯ ವಾರ, ಇಲ್ಲ, ಇದು ಮೂಲದಲ್ಲಿ ಇರಾನದ್ದು, ಗೋರಾಗಳು ಕದ್ದದ್ದು ಎಂದರು. ಒಳ್ಳೆಯದೆಲ್ಲ ಇರಾನದಿಂದಲೇ ಬಂದದ್ದೆಂದು ಅವರ ನಂಬಿಕೆ. ಎಲ್ಲಿಂದಾದರೂ ಬರಲಿ, ಬಂದು ಸೇರಿದ್ದು ಮಾತ್ರ ನಮ್ಮ ಪಡಸಾಲೆಗೆ.

ಯಾಕೆಂದರೆ ಸಾಹೇಬರ ಬಂಗಲೆಯಲ್ಲಿ ಅವರ ವಯಸ್ಸಾದ ತಾಯಿ ಇದ್ದರು. ಆ ಅಮ್ಮನಿಗೂ ಎಲೆ ಕಂಡರೆ ಆಗದು. ತಾಲೂಕಿಗೆಲ್ಲ ಹುಕುಂ ಹೊರಡಿಸುವವರು ತಾಯಿಯ ಕಣ್ಣು ತಪ್ಪಿಸಿ, ಶುಕ್ರವಾರದ ರಜೆಯ ದಿನ ನಮಾಜು ಮುಗಿಸಿ, ಜೇಬಿನಲ್ಲಿ ಎಲೆ ಇಟ್ಟುಕೊಂಡು ಮುನಶಿಯ ಮನೆಗೆ ಬಂದರು.

"ಸಾಹೇಬ್ರ, ನಾ ಎಲಿ ಮುಟ್ಟಂಗಿಲ್ರಿ. ಅವ್ವನ ಆಣಿ ಅದ" ಎಂದರು ನಮ್ಮವರು.

"ಅರೇ ಭಾಯಿ, ಮುಟ್ಟಬ್ಯಾಡ್ರಿ. ಮುಟ್ಟಂಗಿಲ್ಲ ಅಂತ ಆಣಿ, ಆಡಂಗಿಲ್ಲ ಅಂತ ಅಲ್ಲಲ್ಲ? ಮನ್ಯಾಗಿನವ್ರು ಯಾರಾರ ಹಿಡಕೊಳ್ಳಲಿ."

ತಹಸೀಲ್ದಾರರ ಬುದ್ಧಿ ಎಂದರೆ ಹಾಗೆ. ಮನೆಯಲ್ಲಿ ನನ್ನ ಬಿಟ್ಟು ಯಾರಿದ್ದರು? ಕೊನೆಗೆ ಏರ್ಪಾಡು ಹೀಗಾಯಿತು: ನಡುಮನೆಯ ಬಾಗಿಲಿಗೆ ಪರದೆ. ನಮ್ಮವರು ಅದಕ್ಕೆ ಬೆನ್ನು ಕೊಟ್ಟು ಪಡಸಾಲೆಯಲ್ಲಿ ಕೂರಬೇಕು. ಸಾಹೇಬರು ಐದು ಎಲೆಯನ್ನು ಹಿತ್ತಾಳೆ ತಾಟಿನಲ್ಲಿಟ್ಟು ಪರದೆಯ ಅಡಿಯಿಂದ ಒಳಗೆ ತಳ್ಳಬೇಕು. ಒಳಗೆ ಕೂತ ನಾನು ಬೇಡದ ಎಲೆಯನ್ನು ಅದೇ ತಾಟಿನಲ್ಲಿ ಹೊರಗೆ ತಳ್ಳಿದರೆ, ಅಷ್ಟೇ ಹೊಸ ಎಲೆ ಒಳಗೆ ಬರುತ್ತವೆ. ಒಂದೇ ಅಂಕಿಯ ಎಲೆ ಎರಡು ಕೂಡಿದರೆ ಒಳ್ಳೆಯ ಕೈ, ಮೂರು ಕೂಡಿದರೆ ಇನ್ನೂ ಒಳ್ಳೆಯದು. ಆಮೇಲೆ ಪಣ. ಒಬ್ಬರು ಏರಿಸಿದರೆ ಇನ್ನೊಬ್ಬರು ಸರಿಗಟ್ಟಬೇಕು, ಇಲ್ಲವೆ ಎಲೆ ಕೆಳಗಿಟ್ಟು ಸೋಲಬೇಕು. ಪಣಕ್ಕೆ ದುಡ್ಡು ನಮ್ಮವರು ಒಪ್ಪಲಿಲ್ಲ. ಹುಣಸೆ ಬೀಜ ಇಟ್ಟೆವು.

ಎಲೆ ಯಾವುದೆಂದು ನಾನು ಪರದೆಯ ಹಿಂದಿನಿಂದ ನಮ್ಮವರಿಗೆ ಪಿಸುಗುಟ್ಟಬೇಕು, ಅವರು ಆಡಬೇಕು ಎಂದು ಸಾಹೇಬರ ಲೆಕ್ಕ. ಆದರೆ ನಮ್ಮವರು ಕಿವಿಗೊಟ್ಟರೆ ತಾನೆ! ಕೇಳುವುದೂ ಮುಟ್ಟಿದ ಹಾಗೆಯೇ ಎಂದು ಅವರಿಗೆ ಒಳಗೊಳಗೆ ಅನುಮಾನ. ಅದಕ್ಕೆ ನಾವು ಗಂಡ ಹೆಂಡತಿ ಬೇರೆ ಹಂಚಿಕೆ ಹಾಕಿದೆವು. ಪರದೆಯ ಹಿಂದಿನಿಂದ ನಾನು ಅವರ ಬೆನ್ನಿಗೆ ಒಮ್ಮೆ ತಟ್ಟಿದರೆ ಸರಿಗಟ್ಟು, ಎರಡು ಸಲ ತಟ್ಟಿದರೆ ಏರಿಸು, ಚಿವುಟಿದರೆ ಬಿಡು. ಸಾಹೇಬರು ಆಟದ ನಡುವೆ ಅವರ ಮುಖವನ್ನೇ ದಿಟ್ಟಿಸಿ, "ಹೇಳ್ರಿ ಮುನಶೀಜಿ, ಕೈ ಹ್ಯಾಂಗದ?" ಎಂದು ಕೆಣಕುತ್ತಿದ್ದರು.

"ಗೊತ್ತಿಲ್ರಿ ಸಾಹೇಬ್ರ" ಎನ್ನುತ್ತಿದ್ದರು ನಮ್ಮವರು. ನಿಜಕ್ಕೂ ಗೊತ್ತಿರಲಿಲ್ಲ.

ಸಾಹೇಬರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇಂಥ ಮುಖ ಸಿಕಂದರಾಬಾದದಲ್ಲಿಯೂ ಕಂಡಿಲ್ಲ ಎಂದು ಕಚೇರಿಯಲ್ಲೆಲ್ಲ ಹೊಗಳಿದರು.

ಇನ್ನು ನನ್ನ ವಿದ್ಯೆಯ ಮಾತು. ನಾನು ಬೀದರಿನ ಹುಡುಗಿ. ಸಾಕಿದವನು ತಾಯಿಯ ತಂದೆ. ಅಜ್ಜನ ಹತ್ತಿರ ಗಂಜೀಫಾ ಇತ್ತು. ರೂಪಾಯಿಗಿಂತ ಸ್ವಲ್ಪ ದೊಡ್ಡದಾದ, ಬಣ್ಣ ಬರೆದ ದುಂಡನೆಯ ಎಲೆಗಳು. ಎಂಟು ಬಣ್ಣ. ನಾಲ್ಕರಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದ ನಾಲ್ಕರಲ್ಲಿ ಎಲ್ಲ ತಿರುವು ಮುರುವು, ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಬಡವ. "ಲೋಕದಾಗ ಅರ್ಧ ಮಂದಿ ಹಿಂಗೇ ಇರ್ತಾರವ್ವಾ, ಸಣ್ಣವರೇ ದೊಡ್ಡವರು" ಎನ್ನುತ್ತಿದ್ದ ಅಜ್ಜ. ನಾನು ಅಂಕಿ ಕಲಿತದ್ದೇ ಅದರಲ್ಲಿ.

ಮೊದಲ ಶುಕ್ರವಾರ ತಾಟಿನಲ್ಲಿ ನನಗೆ ಕೆಂಪಿನ ಎರಡು ಎರಡುಗಳು ಬಂದವು. ಕಪ್ಪು ಎಲೆ ನೆಟ್ಟಗೆ, ಕೆಂಪು ಎಲೆ ತಿರುವು ಮುರುವು ಇರಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅಂದಮೇಲೆ ಕೆಂಪು ಎರಡರ ಜೋಡಿ ಎಂದರೆ ಸಾಮಾನ್ಯವೇ? ನಮ್ಮವರ ಬೆನ್ನಿಗೆ ತಟ್ಟಿದೆ, ಇನ್ನೂ ತಟ್ಟಿದೆ, ಅವರು ಏರಿಸಿದರು, ಮತ್ತೂ ಏರಿಸಿದರು. ಸಾಹೇಬರು ರಾಣಿಯ ಜೋಡಿ ಹಿಡಿದಿದ್ದವರು ಹೆದರಿ ಎಲೆ ಕೆಳಗಿಟ್ಟರು. ಆಮೇಲೆ ತಡೆಯಲಾರದೆ ನಮ್ಮ ಎಲೆ ಕೇಳಿ ನೋಡಿದರು. ಎರಡರ ಜೋಡಿ! ಆ ಆಟದಲ್ಲಿ ಅದಕ್ಕಿಂತ ಕೀಳಾದ ಜೋಡಿಯಿಲ್ಲ. ಟೊಪ್ಪಿಗೆ ಜಾರುವಷ್ಟು ನಕ್ಕರಂತೆ. "ಮುನಶೀಜಿ, ಈ ಧೈರ್ಯ ಎಲ್ಲಿ ಕಲ್ತ್ರಿ?" ಎಂದರು. ಧೈರ್ಯವಲ್ಲ, ನನ್ನ ಅಜ್ಞಾನ. ಆದರೆ ಅವತ್ತು ನನಗೆ ಆ ಆಟದ ಗುಟ್ಟು ತಿಳಿಯಿತು. ಕೈಯಲ್ಲಿರುವುದಕ್ಕಿಂತ, ಇದೆ ಎಂದು ಎದುರಿನವರು ನಂಬುವುದು ದೊಡ್ಡದು.

ನಾನು ಸಾಹೇಬರ ಮುಖ ಒಮ್ಮೆಯೂ ನೋಡಿಲ್ಲ. ಪರದೆಯ ಅಂಚಿನ ಸಂದಿಯಿಂದ ಕಾಣುತ್ತಿದ್ದುದು ಅವರ ಎರಡು ಕೈ ಮಾತ್ರ. ಕಿರುಬೆರಳಿನಲ್ಲಿ ಹಸಿರು ಹರಳಿನ ಉಂಗುರ. ಒಳ್ಳೆಯ ಎಲೆ ಬಂದಾಗ ಅವರ ಹೆಬ್ಬೆರಳು ತಾನಾಗಿ ಹೋಗಿ ಆ ಉಂಗುರವನ್ನು ತಿಕ್ಕುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ದೊಡ್ಡವರು ಆಡಿದ್ದೇ ಆಟ ಎನ್ನುತ್ತಾರಲ್ಲ, ಆರು ತಿಂಗಳಲ್ಲಿ ಔರಾದಕ್ಕೆ ಔರಾದವೇ ಐದೆಲೆ ಕಲಿಯಿತು. ಪೋಕರ್ ಎಂಬ ಹೆಸರು ಯಾರ ಬಾಯಿಗೂ ಹೊರಳಲಿಲ್ಲ, ಮೂರೆಲೆಯ ಅಣ್ಣ ಐದೆಲೆ ಎಂದರು. ಕಚೇರಿಯ ಕಾರಕೂನರು, ಟಪ್ಪಾಲಿನವರು, ಅರಳೆ ಅಂಗಡಿಯವರು, ಎಲ್ಲರ ಜೇಬಿನಲ್ಲೂ ಹುಣಸೆ ಬೀಜ. ಸಂತೆಗೆ ಬಂದವರು ಭಾಲ್ಕಿಗೂ ಒಯ್ದರು. ಅತ್ತೆಯ ಕಿವಿಗೂ ಬಿದ್ದು, "ಅದೆಂಥದೋ ಪೋಕರಿ ಆಟ ಬಂದದಂತ, ಹುಷಾರ" ಎಂದು ಹೇಳಿ ಕಳಿಸಿದರು. ನಾನು ಮಾತ್ರ ಗೆದ್ದ ಬೀಜವನ್ನು ಹುರಿದು, ಸಿಪ್ಪೆ ತೆಗೆದು ತಿನ್ನುತ್ತಿದ್ದೆ. ಆಗ ನನಗೆ ಹುಳಿ, ಹುಣಸೆ, ಅದರ ಬೀಜ, ಎಲ್ಲಕ್ಕೂ ಬಾಯಿ ನೀರೂರುವ ದಿನಗಳು.

ಇಲ್ಲಿಯ ತನಕ ನಗುತ್ತ ಹೇಳಿದೆ. ಇನ್ನು ಮುಂದಿನದು ಹೇಳಲು ನೀರು ಕುಡಿಯಬೇಕು.

ಅದರ ಹಿಂದಿನ ವರ್ಷ, ಈ ಸಾಹೇಬರು ಬರುವ ಮುಂಚೆ, ನಾನು ಮೊದಲ ಸಲ ಬಸುರಾಗಿದ್ದೆ. ಅಜ್ಜ ತೀರಿಕೊಂಡಿದ್ದ, ತವರಿನ ಬಾಗಿಲಿಗೆ ಬೀಗ. ಔರಾದದ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ತಿರುಗಿದೆ, ಬೀದರಿಗೆ ಒಯ್ಯಿರಿ, ಅಲ್ಲಿ ಹೆಣ್ಣು ಡಾಕ್ಟರ ಇದ್ದಾಳೆ ಎಂದಳು. ಗಾಡಿ ಕಟ್ಟಿದೆವು. ಔರಾದಕ್ಕೂ ಬೀದರಿಗೂ ನಡುವೆ ಮಾಂಜರಾ ಹೊಳೆ. ಆಷಾಢದ ಮಳೆಗೆ ದಂಡೆಯಿಂದ ದಂಡೆಗೆ ಕೆಂಪಗೆ ಹರಿಯುತ್ತಿತ್ತು. ಒಂದು ಹಗಲೆಲ್ಲ ದಂಡೆಯಲ್ಲಿ ಗಾಡಿ ನಿಲ್ಲಿಸಿ ನೀರು ಇಳಿಯುವುದನ್ನು ಕಾದೆವು. ಇಳಿಯಲಿಲ್ಲ. ತಿರುಗಿ ಬಂದೆವು. ನಾನು ಉಳಿದೆ, ಕೂಸು ಉಳಿಯಲಿಲ್ಲ.

ಈಗ ಮತ್ತೆ ಬಸುರಿ. ಮತ್ತೆ ಆಷಾಢಕ್ಕೇ ದಿನ ತುಂಬುವುದು. ಮೃಗಶಿರಾ ಮಳೆ ಹಿಡಿಯುವ ಮೊದಲು ಹೊಳೆ ದಾಟಿ ಬೀದರು ಸೇರಬೇಕು. ನಮ್ಮವರಿಗೆ ಬೀದರಿನ ಕಚೇರಿಗೆ ಬದಲಿಯಾದರೆ ಅಜ್ಜನ ಮನೆಯ ಬೀಗ ತೆಗೆದು ಇರಬಹುದು. ಅದಕ್ಕೆ ಸಾಹೇಬರ ಸಹಿ ಬೇಕು. ನಮ್ಮವರು ಅರ್ಜಿ ಬರೆದರು. ಏನೆಂದು ಬರೆದರು? 'ಖಾನಗಿ ಜರೂರತ್ತಿನ ಸಲುವಾಗಿ' ಎಂದು. ಮನೆಯ ಖಾಸಗಿ ಅಗತ್ಯ, ಅಷ್ಟೇ. ಹೆಂಡತಿ ಬಸುರಿ ಎಂದು ಸರಕಾರಿ ಕಾಗದದಲ್ಲಿ ಬರೆಯುವುದೆಂದರೇನು, ಸಾಹೇಬರ ಮುಂದೆ ಬಾಯಿ ಬಿಟ್ಟು ಹೇಳುವುದೆಂದರೇನು! ಆ ಕಾಲದ ಮರ್ಯಾದೆ ಹಾಗಿತ್ತು. ನನಗೂ ಹೇಳಿಸಲು ನಾಚಿಕೆಯೇ. ಸಾಹೇಬರು ಅರ್ಜಿ ಓದಿ, "ಇಂಥಾ ಮುಖ ಬೀದರಿಗೆ ಕಳಿಸಿ ನಾ ಇಲ್ಲಿ ಯಾರ ಜೋಡಿ ಆಡ್ಲಿ?" ಎಂದು ನಕ್ಕು, ಅದನ್ನು ಮೇಜಿನ ಖಾನೆಯಲ್ಲಿ ಹಾಕಿದರಂತೆ.

ತಪ್ಪು ನನ್ನದೇ ಎನಿಸಿತು. ನಾನು ಚೆನ್ನಾಗಿ ಆಡಿದ್ದಕ್ಕೇ ಈ ಗತಿ. ಸರಿ, ಸೋಲುತ್ತೇನೆ, ಬೇಸರ ಬಂದು ಬಿಟ್ಟಾರು ಎಂದು ಎರಡು ಶುಕ್ರವಾರ ಬೇಕೆಂದೇ ಸೋತೆ. ಸಾಹೇಬರಿಗೆ ಎಷ್ಟು ಖುಷಿಯಾಯಿತೆಂದರೆ ಮಂಗಳವಾರ ಸಂಜೆಯೂ ಬರತೊಡಗಿದರು. ಹಾಗಾದರೆ ಗೆಲ್ಲುತ್ತೇನೆ ಎಂದು ಬಿಡದೆ ಗೆದ್ದೆ. ಸೇಡು ತೀರಿಸಬೇಕೆಂದು ಗುರುವಾರವೂ ಬಂದರು. ಅತ್ತ ದರಿ, ಇತ್ತ ಹುಲಿ. ದಿನಗಳು ಮಾತ್ರ ಯಾರಿಗೂ ಕಾಯದೆ ಹೋಗುತ್ತಿದ್ದವು.

ಆ ಶುಕ್ರವಾರ ಮಧ್ಯಾಹ್ನ ಮೋಡ ಕಟ್ಟಿತ್ತು. ಹೊಳೆಯ ದಿಕ್ಕಿನಿಂದ ಹಸಿ ಮಣ್ಣಿನ ವಾಸನೆ ಬಂತು. ಎಲ್ಲರಿಗೂ ಹಿತವಾದ ಆ ವಾಸನೆ ಒಳಗೆ ಬಾರದಂತೆ ನಾನು ಎದ್ದು ಕಿಟಕಿ ಮುಚ್ಚಿ ಬಂದು ಕೂತೆ. ಗಾಳಿಗೆ ಎಲೆ ಹಾರುತ್ತವೆಂದು ಸಾಹೇಬರು ಈ ಬಿದರಿ ಬಿಲ್ಲೆಯನ್ನು ಮೇಲೆ ಇಟ್ಟುಕೊಂಡು ಹಂಚಿದರು. ನನಗೆ ಬಂದ ಐದೂ ಐದು ದಿಕ್ಕಿನವು. ಮೂರು ಬದಲಿಸಿದೆ. ಬಂದ ಮೂರೂ ಅನಾಥ. ಸಂದಿಯಿಂದ ನೋಡಿದೆ. ಸಾಹೇಬರ ಹೆಬ್ಬೆರಳು ಉಂಗುರವನ್ನು ತಿಕ್ಕುತ್ತಿತ್ತು. ಹಿಂದೆಂದೂ ತಿಕ್ಕದ ಹಾಗೆ ತಿಕ್ಕುತ್ತಿತ್ತು.

"ಹೇಳ್ರಿ ಮುನಶೀಜಿ, ಕೈಯಾಗ ಏನದ?"

"ಗೊತ್ತಿಲ್ರಿ ಸಾಹೇಬ್ರ."

ನಾನು ಚಿವುಟಬೇಕಿತ್ತು. ಚಿವುಟಲಿಲ್ಲ. ನನ್ನ ಬಾಯಿಂದ ಮಾತು ಹೊರಟೇ ಹೋಯಿತು.

"ನನಗ ಗೊತ್ತದ್ರಿ ಸಾಹೇಬ್ರ."

ನಮ್ಮವರ ಬೆನ್ನು ಕಲ್ಲಾಯಿತು. ಸಾಹೇಬರು ಮೆಲ್ಲಗೆ ಕೇಳಿದರು, "ಅಂದ್ರ, ಇಷ್ಟು ದಿನ ಆಡಿದ್ದು..."

"ನಾನೇ ರಿ. ತಪ್ಪಾತು. ಈ ಆಟಕ್ಕ ಬೀಜ ಬ್ಯಾಡ್ರಿ. ನೀವು ಸೋತ್ರ ನಮ್ಮವರ ಅರ್ಜಿ ಮ್ಯಾಲ ಸಹಿ ಹಾಕ್ರಿ."

"ನಾ ಗೆದ್ರ?"

"ನಾ ಇಲ್ಲೇ ಇರ್ತೇನಿ ರಿ. ಹ್ವಾದ ವರ್ಷದಂಗ."

"ಹ್ವಾದ ವರ್ಷ ಏನಾತು, ಮುನಶೀಜಿ?"

ಸುಳ್ಳು ಹೇಳಲು ಬಾರದ ನನ್ನ ಗಂಡ ನೆಲ ನೋಡುತ್ತ ಹೇಳಿದರು: "ಹೊಳಿ ತುಂಬಿತ್ರಿ. ಬೀದರಿಗೆ ಹೋಗ್ಲಿಕ್ಕಾಗ್ಲಿಲ್ಲ. ಕೂಸು ಉಳೀಲಿಲ್ರಿ." ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನ್ನೆದುರಿಗೂ ಹೇಳಿರಲಿಲ್ಲ. ಅವರ ಬೆನ್ನು ನಡುಗಿದ್ದು ಪರದೆಯ ಈಚೆ ನನ್ನ ಅಂಗೈಗೆ ತಿಳಿಯಿತು.

"ಖಾನಗಿ ಜರೂರತ್ ಅಂದ್ರ ಇದಾ?"

"ಹೌದ್ರಿ."

"ಯಾ ಖುದಾ! ಬಾಯಿ ಇಲ್ಲೇನ್ರಿ ನಿಮಗ?" ಎಂದರು ಸಾಹೇಬರು. ಆಮೇಲೆ ಅವರ ಕಾಲು ಸರಿದ ಸದ್ದು, ನೆಟ್ಟಗೆ ಕೂತ ಸದ್ದು. ಪರದೆಯ ಕಡೆ ತಿರುಗಿ ಕೇಳಿದರು, "ಆತು. ಪಣ ಒಪ್ಪಿದೆ. ಬೇಟಿ, ಈಗ ನೀನೇ ಹೇಳು. ಕೈಯಾಗ ಏನದ?"

"ಏನೂ ಇಲ್ರಿ" ಎಂದೆ. ನಿಜವನ್ನೇ ಹೇಳಿದೆ. ಆ ಗಳಿಗೆಯಲ್ಲಿ ನನಗೂ ಬೇರೆ ಮಾತು ಬರುತ್ತಿರಲಿಲ್ಲ.

ಹೆಬ್ಬೆರಳು ಉಂಗುರ ತಿಕ್ಕುವುದನ್ನು ನಿಲ್ಲಿಸಿತು. "ಏನೂ ಇಲ್ಲ ಅನ್ನೋರನ್ನ ಯಾರು ನಂಬ್ತಾರ? ಎಲ್ಲಾ ಅವರ ಕಡೀನೇ ಇರ್ತದ" ಎಂದು ಸಾಹೇಬರು ತಮ್ಮ ಐದು ಎಲೆಯನ್ನು ಬೋರಲಾಗಿ ತಾಟಿನಲ್ಲಿಟ್ಟು, ಮೇಲೆ ಬಿಲ್ಲೆ ಇಟ್ಟರು. "ಸೋತೆ. ಮುನಶೀಜಿ, ನಾಳೆ ಕಚೇರಿ ತೆರೆದ ಕೂಡಲೇ ಕಾಗದ ತಗೊಂಡು ಹೋಗ್ರಿ. ಗಾಡಿಗೆ ಎತ್ತು ನನ್ನ ಕಡಿಂದ ಕಳಸ್ತೇನಿ." ಎದ್ದು ಹೊರಟೇ ಹೋದರು.

ನಮ್ಮವರು ಅವರನ್ನು ಬೀಳ್ಕೊಡಲು ಅಂಗಳಕ್ಕೆ ಹೋದರು. ಎಲೆಯನ್ನು ಅವರು ಮುಟ್ಟುವಂತಿಲ್ಲವಲ್ಲ, ಎತ್ತಿಡುವವಳು ನಾನೇ. ಬಿಲ್ಲೆ ಸರಿಸಿ ಸಾಹೇಬರ ಎಲೆಯನ್ನು ತಿರುವಿ ನೋಡಿದೆ. ಮೂರು ಬಾದಶಾಗಳು ಸಾಲಾಗಿ ಕೂತಿದ್ದರು.

ಆರನೆಯ ದಿನ ಮಾಂಜರಾ ದಾಟಿದೆವು. ನೀರು ಎತ್ತಿನ ಗೊರಸು ಮುಳುಗುವಷ್ಟೇ ಇತ್ತು. ಈಚೆ ದಂಡೆಗೆ ಗಾಲಿ ಹತ್ತಿದಾಗ ನನಗೆ ಎಂಥ ಅಳು ಬಂತೆಂದರೆ, ಗಾಡಿಯವನು ಎತ್ತು ನಿಲ್ಲಿಸಿ ಏನಾಯಿತೆಂದು ಕೇಳಿದ. ಏನೂ ಆಗಿರಲಿಲ್ಲ. ಏನೂ ಆಗಲಿಲ್ಲವಲ್ಲ ಎಂದೇ ನಾನು ಅತ್ತದ್ದು. ಜನವಾಡದಲ್ಲಿ ಗಾಡಿ ಬಿಟ್ಟು ರೊಟ್ಟಿ ಬಿಚ್ಚಿದೆವು. ಒಂದು ವರ್ಷದ ಮೇಲೆ ಅವತ್ತು ನನಗೆ ಊಟ ರುಚಿಸಿತು. ನಮ್ಮವರ ಸುಣ್ಣದ ಗೋಡೆಯಂಥ ಮುಖದ ಮೇಲೂ ಅವತ್ತು ಏನೋ ಬರೆದಿತ್ತು. ನಾನು ಓದಿದೆ.

ಆಷಾಢದಲ್ಲಿ ಮಗಳು ಹುಟ್ಟಿದಳು. ಇವಳೂ ಅಡ್ಡ ತಿರುಗಿದವಳೇ. ಡಾಕ್ಟರಮ್ಮ ಹೇಗೋ ತಿರುಗಿಸಿ ಹೊರಗೆ ತೆಗೆದಳು. ಅವತ್ತು ಹೊಳೆ ತುಂಬಿ ಔರಾದದ ಹಾದಿ ಕಟ್ಟಿದೆ ಎಂದು ಸುದ್ದಿ ಬಂತು. ತುಂಬಲಿ, ನಾನು ಈಚೆ ದಂಡೆಯಲ್ಲಿದ್ದೆ. ಬಾಣಂತನಕ್ಕೆ ಭಾಲ್ಕಿಯಿಂದ ಬಂದ ಅತ್ತೆ ಮಗನನ್ನು ಮೊದಲು ಕೇಳಿದ್ದು, "ಎಲಿ ಮುಟ್ಟಿಲ್ಲ ಹೌದಲ್ಲೋ?" ಎಂದು. "ಮುಟ್ಟಿಲ್ಲವ್ವಾ" ಎಂದರು ಅವರು. ಎಷ್ಟು ನಿಜ!

ಸಾಹೇಬರು ಮುಂದೆ ಎಲ್ಲಿಗೋ ಬದಲಿಯಾಗಿ ಹೋದರು. ಬಿಲ್ಲೆ ಮರಳಿಸಲು ಕಳಿಸಿದಾಗ, "ಕೂಸಿಗೆ ಕೊಟ್ಟಿದ್ದು" ಎಂದು ತಿರುಗಿ ಕಳಿಸಿದರು. ಕೂಸಿಗೆ ನಾನು ಕೊಡಲಿಲ್ಲ. ಯಾಕೆಂದರೆ ಕೊಟ್ಟರೆ ಕಥೆಯನ್ನು ಪೂರ್ತಿ, ನಿಜವಾಗಿ ನಡೆದ ಹಾಗೆ ಹೇಳಬೇಕು. ನಮ್ಮವರು ಬದುಕಿರುವ ತನಕ ನೆಂಟರ ಮುಂದೆಲ್ಲ, "ನಮ್ಮಾಕಿ ಬರೇ ಕೈಲೆ ತಹಸೀಲ್ದಾರನ್ನ ಗೆದ್ದಾಕಿ" ಎಂದು ಹೇಳಿಕೊಂಡು ಹಿಗ್ಗಿದರು. ಸುಳ್ಳು ಹೇಳಲು ಬಾರದ ಅವರ ಬಾಯಿಂದ ಬಂದ ಒಂದೇ ಸುಳ್ಳು ಅದು, ಮತ್ತು ಅದು ಸುಳ್ಳೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂರು ಬಾದಶಾಗಳ ಮಾತನ್ನು ಅವರಿಗೆ ನಾನು ಹೇಳಲೇ ಇಲ್ಲ. ಗೆದ್ದೆ ಎಂಬ ಜಂಬ ಬಿಡಲು ಮನಸ್ಸಾಗಲಿಲ್ಲ, ನೋಡಿ. ಬಿಲ್ಲೆಯನ್ನು ಮಂಚದ ಕಾಲಿನ ಕೆಳಗೆ ಇಟ್ಟು ಅದರ ಮೇಲೆ ಇಷ್ಟು ವರ್ಷ ಮಲಗಿದೆ. ಈಗ ಹೇಳಿದ ಮೇಲೆ, ಎಂಥ ಹಗುರ! ಗೆದ್ದದ್ದಕ್ಕಿಂತ, ಒಬ್ಬ ಮನುಷ್ಯ ಗೆಲ್ಲುವ ಎಲೆ ಹಿಡಿದು ನನಗಾಗಿ ಸೋತ ಎಂಬುದೇ ದೊಡ್ಡದಲ್ಲವೆ? ಅಜ್ಜ ಹೇಳಿದ ತಿರುವು ಮುರುವಿನ ಲೆಕ್ಕ ನನಗೆ ತಿಳಿಯುವುದಕ್ಕೆ ತಲೆ ನೆರೆಯಬೇಕಾಯಿತು.

ಮಗಳು ಸೆರಗಿಗೆ ಕೈ ಒರೆಸುತ್ತ ಈಚೆ ಬಂದಳು. ಅವಳು ಮರೆಯುವವಳಲ್ಲ.

"ಹೇಳಲೇ ಇಲ್ಲಲ್ಲವ್ವಾ. ಕೈಯಾಗ ಏನದ?"

ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಮುಷ್ಟಿ ಬಿಚ್ಚಿ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟೆ.

"ನಿಂದೇ ಅದವ್ವಾ. ಕೂಡು ಇಲ್ಲಿ, ಹೇಳ್ತೇನಿ" ಎಂದೆ. ಅವಳು ಮಂಚದ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಮಂಚ ವಾಲಿತು, ನಾವಿಬ್ಬರೂ ಒಂದೇ ಕಡೆಗೆ ಜಾರಿ ನಕ್ಕೆವು.